ಕೂದಲು ಉದುರುತ್ತಿದೆಯೆ? ಎಣ್ಣೆ ಬದಲಿಸುವ ಮೊದಲು ದೋಷ ಎಲ್ಲಿದೆ ನೋಡಿ

ಬಾಚಣಿಗೆ ತುಂಬ ಕೂದಲು ಬಂದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಬದಲಾಗುವುದು ಎಣ್ಣೆ. ಹದಿನೈದು ದಿನಕ್ಕೆ ಶಾಂಪೂ. ಅದೂ ನಾಟದಿದ್ದರೆ ಈರುಳ್ಳಿ ರಸ, ಮೆಂತ್ಯದ ಲೇಪ, ಬಯೋಟಿನ್ ಎಂಬ ವಿಟಮಿನ್ ಮಾತ್ರೆ. ಮೂರು ತಿಂಗಳಲ್ಲಿ ಐದಾರು ಪ್ರಯೋಗ ಮುಗಿದಿರುತ್ತವೆ. ಉದುರುವುದು ನಿಂತರೆ ಯಾವುದರಿಂದ ನಿಂತಿತೋ ಗೊತ್ತಿಲ್ಲ, ನಿಲ್ಲದಿದ್ದರೆ ಯಾವುದು ಕೆಡಿಸಿತೋ ಗೊತ್ತಿಲ್ಲ.

ಕೂದಲು ನಮ್ಮನ್ನು ಬಿಟ್ಟುಹೋಗುವ ದಾರಿಗಳು ಮೂರು. ಬುಡಸಮೇತ ಕಳಚಿ ಬೀಳುತ್ತದೆ. ಇಲ್ಲವೇ ಎಳೆ ನಡುವೆ ತುಂಡಾಗುತ್ತದೆ. ಇಲ್ಲವೇ ಬುಡವೇ ವರ್ಷದಿಂದ ವರ್ಷಕ್ಕೆ ಸೊರಗಿ, ದಪ್ಪ ಕೂದಲಿದ್ದ ಜಾಗದಲ್ಲಿ ನೂಲಿನಂಥ ಕೂದಲು ಬರುತ್ತದೆ. ಮೂರಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ತುಂಡಾಗುವ ಕೂದಲಿಗೆ ಕಬ್ಬಿಣದ ಮಾತ್ರೆ ನುಂಗಿ ಪ್ರಯೋಜನವಿಲ್ಲ. ರಕ್ತದಲ್ಲಿ ಕಬ್ಬಿಣವಿಲ್ಲದೆ ಕಳಚುವ ಕೂದಲಿಗೆ ಲೀಟರುಗಟ್ಟಲೆ ಎಣ್ಣೆ ಸುರಿದರೂ ಅದು ಬುಡಕ್ಕೆ ತಲುಪುವುದಿಲ್ಲ. ನೆತ್ತಿಯ ಚರ್ಮ ಕೆಡುವುದು ನಾಲ್ಕನೆಯ ಸಂಗತಿ, ಅದು ಈ ಮೂರರಲ್ಲಿ ಯಾವುದರ ಜೊತೆಗಾದರೂ ಇರಬಹುದು.

ಪರೀಕ್ಷೆಗೆ ಬೇಕಾದದ್ದು ಒಂದು ಕಪ್ಪು ಬಟ್ಟೆ, ಒಂದು ಬಿಳಿ ಹಾಳೆ, ಅಗಲ ಹಲ್ಲಿನ ಬಾಚಣಿಗೆ, ಫೋನಿನ ಕ್ಯಾಮೆರಾ. ಒಂದು ದಿನವಿಡೀ ತಲೆಗೆ ನೀರು ಹಾಕದೆ, ಎಣ್ಣೆ ಹಚ್ಚದೆ ಇದ್ದು, ಮರುದಿನ ಬೆಳಕಿರುವ ಕಿಟಕಿಯ ಬಳಿ ಕುಳಿತುಕೊಳ್ಳಿ.

ಬಿದ್ದ ಕೂದಲನ್ನು ಓದುವುದು

ಬಾಚಿದಾಗ ಬಂದ ಕೂದಲಲ್ಲಿ ಇಪ್ಪತ್ತನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಂದು ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಗಂಟು ಕಾಣುತ್ತದೆಯೇ ನೋಡಿ. ಇದ್ದರೆ ಅದು ಆಯಸ್ಸು ಮುಗಿಸಿ ಬುಡದಿಂದ ಕಳಚಿದ ಕೂದಲು. ಈ ಬಿಳಿ ಗಂಟನ್ನು ಕಂಡು "ಬೇರೇ ಕಿತ್ತು ಬಂತು, ಇನ್ನು ಅಲ್ಲಿ ಬೆಳೆಯುವುದಿಲ್ಲ" ಎಂದು ಹೆದರುವವರು ಬಹಳ. ಬೇರು ಚರ್ಮದೊಳಗೆ ಹಾಗೇ ಇದೆ, ಅದೇ ಗುಳಿಯಿಂದ ಹೊಸ ಕೂದಲು ಹೊರಡುತ್ತದೆ.

ಗಂಟಿಲ್ಲದೆ, ಎರಡೂ ತುದಿ ಮೊಂಡಾಗಿ ಅಥವಾ ಪೊರಕೆಯಂತೆ ಸಿಡಿದಿದ್ದು, ಉದ್ದ ಒಂದೊಂದಕ್ಕೂ ಬೇರೆಯಾಗಿದ್ದರೆ ಅವು ತುಂಡಾದವು. ಗಂಟಿದೆ, ಆದರೆ ಕೂದಲು ಗಿಡ್ಡ, ತೀರಾ ತೆಳು, ತುದಿ ಚೂಪು ಎಂದಾದರೆ ಬುಡ ಸೊರಗುತ್ತಿರುವ ಸೂಚನೆ.

ಈಗ ಕನ್ನಡಿಯಲ್ಲಿ ಬೈತಲೆ ನೋಡಿ. ಹಣೆಯ ಅಂಚಿನಲ್ಲಿ ನೆಟ್ಟಗೆ ನಿಂತ ಗಿಡ್ಡ ಕೂದಲುಗಳಿದ್ದರೆ ಬಿಳಿ ಹಾಳೆಯನ್ನು ಹಿಂದೆ ಹಿಡಿದು ತುದಿ ಗಮನಿಸಿ. ತುದಿ ಚೂಪಾಗಿದ್ದರೆ ಅದು ಹೊಸ ಬೆಳೆ, ಮೊಂಡಾಗಿದ್ದರೆ ಮುರಿದದ್ದು. ಹೊಸ ಕೂದಲು ಬರುತ್ತಿರುವಾಗಲೇ "ಮುಂದೆಲ್ಲ ತುಂಡಾಗುತ್ತಿದೆ" ಎಂದು ಔಷಧ ಬದಲಿಸಿಬಿಡುವುದು ಸಾಮಾನ್ಯ ತಪ್ಪು.

ಎಷ್ಟು ಉದುರಿದರೆ ಹೆಚ್ಚು? ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ಸುಮ್ಮನೆ ಕೂತು, ಆಮೇಲೆ ಬೀಳುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ 50ರಿಂದ 100 ಬೀಳುವುದು ಸಹಜ. ಮೂರು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಮೂರು ದಿನದ್ದು ಒಟ್ಟಿಗೆ ಬಚ್ಚಲ ಜಾಲರಿಯಲ್ಲಿ ಕಾಣುತ್ತದೆ. 150-200 ಕಂಡರೂ ಅದು ಗಾಬರಿಪಡುವ ಸಂಖ್ಯೆಯಲ್ಲ. ಉದ್ದ ಕೂದಲಿನವರಿಗೆ ಅಷ್ಟೇ ಕೂದಲು ದೊಡ್ಡ ಉಂಡೆಯಾಗಿ ಕಾಣುತ್ತದೆ.

ಎರಡು ಎಳೆತದ ಪರೀಕ್ಷೆ

ಮೊದಲನೆಯದು ಬುಡಕ್ಕೆ. ಸುಮಾರು 50-60 ಕೂದಲಿನ ಒಂದು ಕಟ್ಟನ್ನು ನೆತ್ತಿಗೆ ತಾಗುವಂತೆ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಹಿಡಿಯಿರಿ. ಜಗ್ಗದೆ, ಬಿಗಿಯಾಗಿ ತುದಿಯವರೆಗೆ ಜಾರಿಸಿ. ಮುಂದೆ, ನಡುನೆತ್ತಿ, ಎರಡು ಪಕ್ಕ, ಹಿಂದೆ ಹೀಗೆ ಐದು ಕಡೆ ಮಾಡಿ. ಒಂದೊಂದು ಕಡೆ ಒಂದೆರಡು ಬಂದರೆ ಸರಿಯಿದೆ. ಪ್ರತಿ ಕಡೆಯೂ ಐದಾರಕ್ಕಿಂತ ಹೆಚ್ಚು ಬಂದರೆ ಬುಡದಿಂದ ಕಳಚುವಿಕೆ ಈಗ ಜೋರಾಗಿ ನಡೆದಿದೆ. ಮುಂದೆ ಮತ್ತು ನಡುನೆತ್ತಿಯಲ್ಲಿ ಮಾತ್ರ ಬಂದು ಹಿಂದೆ ಬಾರದಿದ್ದರೆ ಅದನ್ನೂ ಬರೆದಿಡಿ. ಅದು ಮೂರನೆಯ ಬಗೆಯ, ಬುಡ ಸೊರಗುವ ದೋಷದ ಸೂಚನೆ.

ಎರಡನೆಯದು ಎಳೆಗೆ. ಒಂದು ಸಣ್ಣ ಕಟ್ಟನ್ನು ನಡುವೆ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ತುದಿಯನ್ನು ಜಗ್ಗಿ. ಚೂರುಗಳು ಕೈಗೆ ಬಂದರೆ ಎಳೆ ಟೊಳ್ಳಾಗಿದೆ.

ಆಮೇಲೆ ಬೈತಲೆ ತೆಗೆದು ಎರಡು ಫೋಟೊ: ಒಂದು ಮುಂದಿನ ಬೈತಲೆ, ಇನ್ನೊಂದು ಹಿಂತಲೆಯಲ್ಲಿ ಅದೇ ರೀತಿ ತೆಗೆದ ಬೈತಲೆ. ಹಿಂದಿನದು ಗೆರೆಯಂತೆ ತೆಳ್ಳಗಿದ್ದು ಮುಂದಿನದು ಅಗಲವಾಗಿದ್ದರೆ ದೋಷ ಮೂರನೆಯ ಬಗೆಯದು. ಎರಡೂ ಒಂದೇ ಅಗಲವಿದ್ದರೆ ತಲೆಯೆಲ್ಲ ಸಮವಾಗಿ ಉದುರುತ್ತಿದೆ.

ಬುಡಸಮೇತ, ತಲೆಯೆಲ್ಲ: ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ

ಬಿಳಿ ಗಂಟಿರುವ ಕೂದಲು ಎಲ್ಲ ಕಡೆಯಿಂದಲೂ ಒಮ್ಮೆಲೇ ಹೆಚ್ಚು ಬೀಳುತ್ತಿದ್ದರೆ, ಕಾರಣವನ್ನು ಈ ವಾರದಲ್ಲಿ ಹುಡುಕಬೇಡಿ. ಎರಡರಿಂದ ಮೂರು ತಿಂಗಳ ಹಿಂದೆ ಹುಡುಕಿ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲಲ್ಲಿ ಒಂದು ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಆ ವಿಶ್ರಾಂತಿಯೇ ಸುಮಾರು ಮೂರು ತಿಂಗಳು. ಹಾಗಾಗಿ ಡೆಂಗಿ ಬಂದದ್ದು ಆಗಸ್ಟಿನಲ್ಲಾದರೆ ಕೂದಲು ಉದುರುವುದು ದೀಪಾವಳಿ ಹೊತ್ತಿಗೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಆಗ ತಾನೇ ಕೊಂಡ ಶಾಂಪೂ ಅಪರಾಧಿಯಾಗುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು: ಆ ಹೊತ್ತಿಗೆ ಡೆಂಗಿ, ಟೈಫಾಯಿಡ್, ಕೋವಿಡ್‌ನಂಥ ಜೋರು ಜ್ವರ ಬಂದಿತ್ತೆ? ಹೆರಿಗೆಯಾಗಿತ್ತೆ? ಆಪರೇಷನ್? ತಿಂಗಳಲ್ಲಿ ಐದಾರು ಕಿಲೋ ಇಳಿಸಿದ ಪಥ್ಯ? ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ್ದು? ಮನೆಯಲ್ಲಿ ಸಾವು, ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದು? ಬಾಣಂತಿಯರಲ್ಲಿ ಮಗುವಿಗೆ ಮೂರು ತಿಂಗಳಾಗುವ ಹೊತ್ತಿಗೆ ಉದುರುವುದು ಶುರುವಾಗುತ್ತದೆ. "ಮಗು ಮುಖ ನೋಡಿ ನಗಲು ಶುರುಮಾಡಿದರೆ ತಾಯಿಯ ಕೂದಲು ಉದುರುತ್ತದೆ" ಎನ್ನುವ ಮನೆಯ ಹಿರಿಯರ ಮಾತಿನಲ್ಲಿ ಕಾರಣ ತಪ್ಪಿದ್ದರೂ ಕಾಲದ ಲೆಕ್ಕ ಸರಿಯಾಗಿದೆ.

ಈ ಪಟ್ಟಿಯಲ್ಲಿ ಒಂದಕ್ಕೆ ಹೌದು ಎಂದಾದರೆ, ಆ ಕಾರಣ ಈಗ ಇಲ್ಲವಾದರೆ, ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಮಾಡಬೇಕಾದದ್ದು ಸರಿಯಾದ ಊಟ ಮತ್ತು ತಾಳ್ಮೆ. ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ, ಅಥವಾ ಪಟ್ಟಿಯಲ್ಲಿ ಏನೂ ಸಿಗದಿದ್ದರೆ, ರಕ್ತಪರೀಕ್ಷೆಗೆ ಹೋಗಬೇಕು.

ರಕ್ತಪರೀಕ್ಷೆಯಲ್ಲಿ ಬರೀ ಹಿಮೋಗ್ಲೋಬಿನ್ ನೋಡಿ ಬಂದರೆ ಸಾಲದು. ಹಿಮೋಗ್ಲೋಬಿನ್ 12 ದಾಟಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಮುಟ್ಟಿನಲ್ಲಿ ಹೆಚ್ಚು ಸ್ರಾವವಿರುವ ಹೆಂಗಸರಲ್ಲಿ ಇದು ತೀರಾ ಸಾಮಾನ್ಯ. ದಾಸ್ತಾನನ್ನು ತೋರಿಸುವುದು ಫೆರಿಟಿನ್. ಅದು ಮಿಲಿಲೀಟರಿಗೆ 30 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣ ಕಡಿಮೆಯಾಗಿದೆ ಎಂದೇ ತಿಳಿಯಬೇಕು. ಇನ್ನೊಂದು ಎಚ್ಚರ: ಜ್ವರ, ಸೋಂಕು ಇರುವಾಗ ಫೆರಿಟಿನ್ ತಾನಾಗಿ ಏರುತ್ತದೆ. ಜ್ವರದ ವಾರದಲ್ಲಿ ಮಾಡಿಸಿದ ಪರೀಕ್ಷೆ ಕೊರತೆಯನ್ನು ಮುಚ್ಚಿಡುತ್ತದೆ. ಫೆರಿಟಿನ್ ಜೊತೆಗೆ ಥೈರಾಯ್ಡ್ ನೋಡುವ ಟಿಎಸ್‌ಎಚ್, ವಿಟಮಿನ್ ಡಿ, ಮಾಂಸ-ಮೊಟ್ಟೆ ತಿನ್ನದವರಿಗೆ ಬಿ12.

ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು-ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನು ತಪ್ಪಾಗಿಸುತ್ತದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪಾಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಸಾಮಾನ್ಯ ಊಟ ಮಾಡುವವರಲ್ಲಿ ಬಯೋಟಿನ್ ಕೊರತೆ ಬಹಳ ಅಪರೂಪ. ಇಷ್ಟು ಮಾರಾಟವಾಗುವಷ್ಟು ಅದರ ಅಗತ್ಯ ಯಾರಿಗೂ ಇಲ್ಲ.

ಕಬ್ಬಿಣದ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಒಂದೆರಡು ಗಂಟೆ ದೂರವಿಡಿ. ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ನುಂಗಿದರೆ ಬಹುಪಾಲು ವ್ಯರ್ಥ. ನಿಂಬೆ ಅಥವಾ ನೆಲ್ಲಿಕಾಯಿ ರಸದ ಜೊತೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದಲ್ಲೂ ಇದೇ ಲೆಕ್ಕ: ಸೊಪ್ಪಿನ ಸಾರು, ಮೊಳಕೆ ಕಾಳಿನ ಮೇಲೆ ನಿಂಬೆ ಹಿಂಡಿ, ಊಟವಾದ ಕೂಡಲೇ ಟೀ ಬೇಡ. ಕೂದಲು ಹೆಚ್ಚಾಗಿ ಪ್ರೋಟೀನೇ. 60 ಕಿಲೋ ತೂಕದವರಿಗೆ ದಿನಕ್ಕೆ 50-60 ಗ್ರಾಂ ಬೇಕು. ಅನ್ನ, ತಿಳಿಸಾರು, ಉಪ್ಪಿನಕಾಯಿಯ ಊಟದಲ್ಲಿ ಅದು ಅರ್ಧವೂ ಸಿಗುವುದಿಲ್ಲ. ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಕಾಳಿನ ಪಲ್ಯ, ಒಂದು ದೊಡ್ಡ ಬಟ್ಟಲು ಮೊಸರು, ಒಂದು ಹಿಡಿ ಕಡಲೆಕಾಯಿ, ತಿನ್ನುವವರಾದರೆ ಎರಡು ಮೊಟ್ಟೆ ಸೇರಿಸಿದರೆ ಲೆಕ್ಕ ಹತ್ತಿರ ಬರುತ್ತದೆ.

ಎಳೆ ತುಂಡಾಗುತ್ತಿದ್ದರೆ: ನೀರು, ಸೋಪು, ಬಾಚಣಿಗೆ

ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರಿನ ಮನೆಗೆ ಬಂದವರು "ಉಪ್ಪು ನೀರಿಗೆ ಕೂದಲೆಲ್ಲ ಹೋಯಿತು" ಎನ್ನುತ್ತಾರೆ. ಇದು ಅರ್ಧ ಸತ್ಯ. ಗಡಸು ನೀರು ಚರ್ಮದೊಳಗಿನ ಬುಡವನ್ನು ಕೀಳುವುದಿಲ್ಲ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಯ ಮೇಲೆ ಕೂತು ಒರಟು ಮಾಡುತ್ತವೆ. ಒರಟಾದ ಎಳೆ ಸಿಕ್ಕಾಗುತ್ತದೆ, ಸಿಕ್ಕು ಬಿಡಿಸುವಾಗ ತುಂಡಾಗುತ್ತದೆ. ಬಿದ್ದ ಕೂದಲಲ್ಲಿ ಬಿಳಿ ಗಂಟೇ ಹೆಚ್ಚಿದ್ದರೆ ನೀರನ್ನು ದೂರಿ ಉಪಯೋಗವಿಲ್ಲ, ಹಿಂದಿನ ಭಾಗಕ್ಕೆ ಮರಳಿ.

ನೀರು ಎಷ್ಟು ಗಡಸು ಎಂದು ತಿಳಿಯಲು ಟಿಡಿಎಸ್ ಮೀಟರ್ ಸಾಲದು. ಅದು ನೀರಲ್ಲಿ ಕರಗಿರುವ ಎಲ್ಲವನ್ನೂ ಸೇರಿಸಿ ಹೇಳುತ್ತದೆ, ಕ್ಯಾಲ್ಸಿಯಂ ಎಷ್ಟು ಎಂದು ಹೇಳುವುದಿಲ್ಲ. ಮನೆಯಲ್ಲೇ ಒಂದು ಅಂದಾಜು: ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಂಡು ಒಂದರಲ್ಲಿ ಅರ್ಧದಷ್ಟು ನಲ್ಲಿ ನೀರು, ಇನ್ನೊಂದರಲ್ಲಿ ಅಷ್ಟೇ ಆರ್‌ಒ ಅಥವಾ ಮಳೆ ನೀರು ಹಾಕಿ. ಎರಡಕ್ಕೂ ಕಡಲೆಕಾಳಿನಷ್ಟು ಒಂದೇ ಮೈಸೋಪಿನ ತುರಿ ಹಾಕಿ, ಮುಚ್ಚಿ, ಇಪ್ಪತ್ತು ಸಲ ಕುಲುಕಿ. ಗಡಸು ನೀರಿನಲ್ಲಿ ನೊರೆ ನಿಲ್ಲದೆ ಮೇಲೆ ಬಿಳಿ ಕೆನೆಯಂಥ ಗಸಿ ತೇಲುತ್ತದೆ. ಅದೇ ಗಸಿ ನಿಮ್ಮ ಕೂದಲ ಮೇಲೂ ಕೂರುತ್ತದೆ. ಸರಿಯಾದ ಅಂಕಿ ಬೇಕಾದರೆ ಹನಿ ಎಣಿಸುವ ಗಡಸುತನದ ಕಿಟ್ ಸಿಗುತ್ತದೆ. ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹಾಕಿದ ಹನಿಗಳೇ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗೀಸರ್ ಕಾಯಿಲ್, ಬಕೆಟ್, ನಲ್ಲಿಯ ಮೂತಿಯ ಮೇಲೆ ಬಿಳಿ ಸುಣ್ಣದ ಪೊರೆ ದಪ್ಪಗೆ ಕಟ್ಟುವ ಮನೆಗಳಲ್ಲಿ ಕಿಟ್ ಇಲ್ಲದೆಯೂ ಉತ್ತರ ಗೊತ್ತಿದೆ.

ಇನ್ನು ಪರಿಹಾರ. ಷವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಕ್ಲೋರಿನ್ ಮತ್ತು ಕೆಸರು ಹಿಡಿಯುತ್ತವೆ. ಕ್ಯಾಲ್ಸಿಯಂ ತೆಗೆಯುವುದಿಲ್ಲ. ಹಾಕುವ ಮೊದಲು ಮತ್ತು ಹಾಕಿದ ಮೇಲೆ ಮೇಲಿನ ಸೋಪಿನ ಪರೀಕ್ಷೆ ಮಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಗಡಸುತನ ನಿಜವಾಗಿ ಇಳಿಸುವುದು ಉಪ್ಪು ಹಾಕಿ ಮರುಚೇತನ ಮಾಡಬೇಕಾದ ರಾಳದ ಸಾಫ್ಟನರ್. ಉಪ್ಪು ಹಾಕುವುದನ್ನು ಮರೆತರೆ ಅದೂ ಸುಮ್ಮನೆ ನೀರು ಹಾಯಿಸುವ ಡ್ರಮ್ಮು. ಹಂಡೆಯಲ್ಲಿ ಕುದಿಸಿ ಆರಿಸಿ ಮೇಲಿನ ನೀರು ಬಸಿದುಕೊಂಡರೆ ಒಂದು ಪಾಲು ಗಡಸುತನ ತಳಕ್ಕೆ ಕೂರುತ್ತದೆ, ಎಲ್ಲವೂ ಅಲ್ಲ.

ಖರ್ಚಿಲ್ಲದ ದಾರಿ ಬೇರೆಯಿದೆ. ಸ್ನಾನವೆಲ್ಲ ಉಪ್ಪು ನೀರಲ್ಲೇ ಆಗಲಿ, ಕೊನೆಯ ಎರಡು-ಮೂರು ಲೀಟರ್ ಮಾತ್ರ ಆರ್‌ಒ ಅಥವಾ ಮಳೆ ನೀರು ಸುರಿದುಕೊಳ್ಳಿ. ಎಳೆಯ ಮೇಲೆ ಒಣಗುವುದು ಕೊನೆಯ ನೀರು, ಅದರಲ್ಲಿ ಸುಣ್ಣವಿಲ್ಲದಿದ್ದರೆ ಸಾಕು. ಈಗಾಗಲೇ ಕೂತ ಪದರಕ್ಕೆ ಲೇಬಲ್ಲಿನಲ್ಲಿ ಇಡಿಟಿಎ (EDTA, ಕ್ಯಾಲ್ಸಿಯಂ ಹಿಡಿದು ತೆಗೆಯುವ ರಾಸಾಯನಿಕ) ಇರುವ ಶಾಂಪೂವನ್ನು ಹದಿನೈದು ದಿನಕ್ಕೊಮ್ಮೆ, ಅಥವಾ 1 ಲೀಟರ್ ನೀರಿಗೆ 1 ದೊಡ್ಡ ಚಮಚ ವಿನೆಗರ್ ಬೆರೆಸಿ ಎಳೆಗಳ ಮೇಲೆ ಸುರಿದು ತೊಳೆಯಿರಿ. ನಿಂಬೆರಸವನ್ನು ನೇರ ನೆತ್ತಿಗೆ ತಿಕ್ಕಿ ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ.

ಮೈಸೋಪಿನಲ್ಲಿ ತಲೆ ತೊಳೆಯುವ ರೂಢಿ ಉಪ್ಪು ನೀರಿನ ಊರಲ್ಲಿ ಬಿಡಲೇಬೇಕು. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುತ್ತದೆ, ಸೀಗೆಪುಡಿ ಹಾಗೆ ಆಗುವುದಿಲ್ಲ. ಅದರ ನೊರೆ ಸಸ್ಯಜನ್ಯ ಸಪೋನಿನ್‌ನದು. ಆದರೆ ಸೀಗೆ ಒರಟಾಗಿ ಪುಡಿಯಾಗಿದ್ದರೆ ಎಳೆಯನ್ನು ಉಜ್ಜುತ್ತದೆ. ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿದ ನೀರನ್ನೇ ಬಳಸಿ. ದಾಸವಾಳದ ಎಲೆಯ ಲೋಳೆ ಸೇರಿಸಿದರೆ ಜಾರು ಬರುತ್ತದೆ, ಸಿಕ್ಕು ಕಡಿಮೆ.

ಎಣ್ಣೆಯ ನಿಜವಾದ ಕೆಲಸ ಇಲ್ಲಿದೆ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳು ಮೇಲೇ ನಿಲ್ಲುತ್ತವೆ. ಹಾಗಾಗಿ ಸ್ನಾನಕ್ಕೆ ಒಂದು ಗಂಟೆ ಮೊದಲು ಅಥವಾ ಹಿಂದಿನ ರಾತ್ರಿ, ಸೊಂಟದವರೆಗಿನ ಕೂದಲಿಗೆ 10-15 ಮಿಲಿ, ಭುಜದವರೆಗಿನದಕ್ಕೆ 5 ಮಿಲಿ, ಕಿವಿಯಿಂದ ಕೆಳಗೆ ಎಳೆಗಳಿಗೆ ಹಚ್ಚಿ. ನೆತ್ತಿಗೆ ಬೇಡವೆ? ನೆತ್ತಿ ಒಣಗಿದ್ದು ಹೊಟ್ಟಿಲ್ಲದಿದ್ದರೆ ಸ್ವಲ್ಪ ಹಚ್ಚಬಹುದು. ಎಣ್ಣೆ ಕೂದಲನ್ನು ಬೆಳೆಸುವುದಿಲ್ಲ, ಬೆಳೆದದ್ದನ್ನು ಉಳಿಸುತ್ತದೆ.

ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ ಬೇಗ ಹರಿಯುತ್ತದೆ. ಟವೆಲಿನಲ್ಲಿ ಬಡಿಯುವುದು, ಒದ್ದೆಯಿರುವಾಗಲೇ ಬಿಗಿಯಾಗಿ ತುರುಬು ಕಟ್ಟುವುದು, ಬುಡದಿಂದ ಬಾಚುವುದು ಮೂರೂ ತುಂಡರಿಸುತ್ತವೆ. ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆದು, ಮುಕ್ಕಾಲು ಒಣಗಿದ ಮೇಲೆ, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಸ್ಟ್ರೈಟನಿಂಗ್, ಬ್ಲೀಚ್ ಮಾಡಿಸಿದ ಎಳೆ ಮತ್ತೆ ಗಟ್ಟಿಯಾಗುವುದಿಲ್ಲ. ತಿಂಗಳಿಗೆ 1 ಸೆಂಟಿಮೀಟರಿನಂತೆ ಹೊಸದು ಬರುವವರೆಗೆ ತುದಿ ಕತ್ತರಿಸುತ್ತ ಕಾಯಬೇಕು.

ಹಣೆಯ ಅಂಚು, ಕಿವಿಯ ಮೇಲ್ಭಾಗದಲ್ಲಿ ಮಾತ್ರ ತೆಳುವಾಗುತ್ತಿದ್ದರೆ ಜಡೆಯ ಬಿಗಿ ನೋಡಿ. ಬಾಚಿದ ಮೇಲೆ ಹುಬ್ಬು ಮೇಲೆತ್ತಿದಂತಾಗುವುದು, ಸಂಜೆ ಜಡೆ ಬಿಚ್ಚಿದಾಗ ನೆತ್ತಿ ನೋಯುವುದು ಎರಡೂ ಅತಿ ಬಿಗಿಯ ಗುರುತು. ಶಾಲೆಯ ಎರಡು ಜಡೆಯ ಹುಡುಗಿಯರಲ್ಲಿ, ನೃತ್ಯ ಕಲಿಯುವವರಲ್ಲಿ ಇದು ಹೆಚ್ಚು. ಬೇಗ ಸಡಿಲಿಸಿದರೆ ಮರಳುತ್ತದೆ, ವರ್ಷಗಟ್ಟಲೆ ಎಳೆದರೆ ಬುಡ ಸತ್ತುಹೋಗುತ್ತದೆ.

ಬುಡ ಸೊರಗುತ್ತಿದ್ದರೆ

ಗಂಡಸರಲ್ಲಿ ಹಣೆಯ ಎರಡು ಮೂಲೆ ಮತ್ತು ಸುಳಿ, ಹೆಂಗಸರಲ್ಲಿ ಹಣೆಯ ಅಂಚು ಉಳಿದು ಬೈತಲೆ ಅಗಲವಾಗುವುದು. ಇದು ವಂಶದಿಂದ ಬರುತ್ತದೆ, ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ. ಎಣ್ಣೆ, ರಸ, ಪುಡಿಯಾವುದೂ ಇದನ್ನು ನಿಲ್ಲಿಸುವುದಿಲ್ಲ. ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬುದೂ ಕಣ್ಣಿನ ಭ್ರಮೆ, ಮೊಂಡು ತುದಿಗಳು ದಪ್ಪ ಕಾಣುತ್ತವೆ ಅಷ್ಟೆ.

ಹಚ್ಚುವ ಔಷಧ ಮಿನಾಕ್ಸಿಡಿಲ್: ಸಾಮಾನ್ಯವಾಗಿ ಗಂಡಸರಿಗೆ ಶೇ 5, ಹೆಂಗಸರಿಗೆ ಶೇ 2, ದಿನಕ್ಕೆ ಎರಡು ಸಲ 1 ಮಿಲಿ, ಒಣ ನೆತ್ತಿಗೆ. ಜನ ಸೋಲುವುದು ಎರಡು ಕಡೆ. ಶುರುಮಾಡಿದ ಎರಡನೇ ವಾರದಿಂದ ಎಂಟನೇ ವಾರದೊಳಗೆ ಉದುರುವುದು ಹೆಚ್ಚುತ್ತದೆ. ಹಳೆಯದನ್ನು ತಳ್ಳಿ ಹೊಸದು ಬರುವ ಲಕ್ಷಣ ಅದು, ಹೆದರಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಚೆನ್ನಾಗಿ ಬಂತೆಂದು ನಿಲ್ಲಿಸುತ್ತಾರೆ. ಮೂರು-ನಾಲ್ಕು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಫಲ ಕಾಣಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಬೇಕು. ಬಸಿರಿಯರು, ಹಾಲೂಡಿಸುವವರು ಬಳಸಬಾರದು. ಮನೆಯಲ್ಲಿ ಬೆಕ್ಕಿದ್ದರೆ ತುಂಬ ಎಚ್ಚರ, ದಿಂಬಿನ ಮೇಲೆ ಉಳಿದದ್ದನ್ನು ನೆಕ್ಕಿದರೂ ಅದರ ಪ್ರಾಣಕ್ಕೆ ಅಪಾಯ. ಇದೇ ದೋಷಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ. ಹೆಂಗಸರಲ್ಲಿ ಬೈತಲೆ ಅಗಲವಾಗುವುದರ ಜೊತೆ ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ಮೊಡವೆ ಇದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನಿನ ತೊಂದರೆ) ಪರೀಕ್ಷೆಯೂ ಆಗಬೇಕು.

ನೆತ್ತಿಯಲ್ಲಿ ಹೊಟ್ಟು, ತುರಿಕೆ

ಹೊಟ್ಟು ಎಂದರೆ ಒಣಗಿದ ನೆತ್ತಿ ಎಂದು ತಿಳಿದು ಎಣ್ಣೆ ಮೆತ್ತುವುದರಿಂದಲೇ ಎಷ್ಟೋ ತಲೆಗಳು ಕೆಡುತ್ತಿವೆ. ಹೊಟ್ಟಿಗೆ ಕಾರಣವಾದ ಮಲಸೀಜಿಯ ಎಂಬ ಶಿಲೀಂಧ್ರ ಬದುಕುವುದೇ ಎಣ್ಣೆಯ ಮೇಲೆ. ಎಣ್ಣೆ ಹಚ್ಚಿದ ದಿನ ಹೊಟ್ಟು ಅಂಟಿಕೊಂಡು ಕಾಣಿಸುವುದಿಲ್ಲ, ಮೂರನೇ ದಿನ ದುಪ್ಪಟ್ಟಾಗಿ ಬರುತ್ತದೆ. ಹೊಟ್ಟು ಜಿಡ್ಡಾಗಿ, ಹಳದಿಯಾಗಿ, ಹುಬ್ಬು ಮತ್ತು ಮೂಗಿನ ಪಕ್ಕದಲ್ಲೂ ಇದ್ದರೆ ಅನುಮಾನವೇ ಬೇಡ. ಶೇ 2ರ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ನಾಲ್ಕು ವಾರ. ನೆತ್ತಿಗೆ ಹಚ್ಚಿ 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದವರೇ "ಕೆಲಸ ಮಾಡಲಿಲ್ಲ" ಎನ್ನುವುದು. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮುಂದುವರಿಸಿ, ಹೊಟ್ಟು ಮರಳಿ ಬರುವ ಸ್ವಭಾವದ್ದು.

ದಪ್ಪ ಬೆಳ್ಳಿಬಣ್ಣದ ಹಕ್ಕಳೆ ಹಣೆಯ ಅಂಚು ದಾಟಿ ಹೊರಗೆ ಬಂದಿದ್ದು, ಮೊಣಕೈ ಮೊಣಕಾಲಿನಲ್ಲೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು, ಶಾಂಪೂ ಸಾಲದು. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಬಿಳಿ ಚುಕ್ಕೆಗಳಿದ್ದರೆ ಉಗುರಿನಲ್ಲಿ ಜಾರಿಸಿ ನೋಡಿ: ಹೊಟ್ಟು ಉದುರುತ್ತದೆ, ಸೀರು ಎಳೆಗೆ ಕಚ್ಚಿಕೊಂಡು ಕದಲುವುದಿಲ್ಲ. ಹೇನಿಗೆ ಶೇ 1ರ ಪರ್ಮೆತ್ರಿನ್ 10 ನಿಮಿಷ, ಮತ್ತೆ 7-10 ದಿನಕ್ಕೆ ಇನ್ನೊಮ್ಮೆ, ನಡುವೆ ಸೀರಣಿಗೆಯಲ್ಲಿ ಬಾಚುವುದು. ಎರಡನೇ ಸುತ್ತು ಬಿಟ್ಟರೆ ಸೀರು ಒಡೆದು ಮತ್ತೆ ಮೊದಲಿನಿಂದ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ.

ಬಿಲ್ಲೆಯಂತೆ ಬೋಳಾದರೆ

ನಾಣ್ಯದಷ್ಟು ಜಾಗ ನುಣ್ಣಗೆ, ಹಕ್ಕಳೆಯಿಲ್ಲದೆ ಬೋಳಾದರೆ "ಹುಳ ತಿಂದಿದೆ" ಎನ್ನುವುದುಂಟು. ಯಾವ ಹುಳವೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಒಂದೆರಡು ಬಿಲ್ಲೆಯಷ್ಟೇ ಆದರೆ ವರ್ಷದೊಳಗೆ ತಾನಾಗಿ ತುಂಬುವುದೂ ಇದೆ, ಚರ್ಮವೈದ್ಯರು ಅಲ್ಲೇ ಚುಚ್ಚುಮದ್ದು ಕೊಟ್ಟು ಬೇಗ ತುಂಬಿಸಲೂಬಹುದು. ಗುಲಗಂಜಿ ಅರೆದು ಹಚ್ಚುವುದು ಬೇಡವೇ ಬೇಡ. ಅದರ ಬೀಜ ಘೋರ ವಿಷ.

ಮಗುವಿನ ತಲೆಯ ಬಿಲ್ಲೆಯಲ್ಲಿ ಹಕ್ಕಳೆ, ಕಪ್ಪು ಚುಕ್ಕೆಗಳಂತೆ ಮುರಿದ ಕೂದಲು ಇದ್ದರೆ ಅದು ತಲೆಯ ಹುಳುಕಡ್ಡಿ. ಶಿಲೀಂಧ್ರ ಎಳೆಯೊಳಗೇ ಇರುವುದರಿಂದ ಮುಲಾಮು ತಲುಪುವುದಿಲ್ಲ, ವಾರಗಟ್ಟಲೆ ಮಾತ್ರೆ ಬೇಕು. ಊದಿ ಮೆತ್ತಗಾಗಿ ಕೀವು ಒಸರಿದರೆ ಕುರು ಎಂದು ಕೊಯ್ಯಿಸಬೇಡಿ, ಅದೂ ಇದೇ ರೋಗದ ಜೋರು ರೂಪ.

ಬೋಳಾದ ಜಾಗ ಗಾಜಿನಂತೆ ಹೊಳೆಯುತ್ತ, ಕೂದಲ ರಂಧ್ರಗಳೇ ಮುಚ್ಚಿಹೋಗಿ, ಉರಿ ಅಥವಾ ನೋವಿದ್ದರೆ ಆ ವಾರವೇ ಚರ್ಮವೈದ್ಯರ ಬಳಿ ಹೋಗಿ. ಅಲ್ಲಿ ಬುಡ ಗಾಯದ ಕಲೆಯಾಗಿ ಮಾಯುತ್ತಿರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನಾದರೂ ಹಿಡಿಯಬಹುದು.

ಕೂದಲಂಚಿನ ಚರ್ಮ: ಹಣೆ, ಕಿವಿ, ಕತ್ತು

ಹಣೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಮೊಡವೆ ಬಂದರೆ ಮುಖದ ಕ್ರೀಮಿಗಿಂತ ಮೊದಲು ತಲೆಯ ಎಣ್ಣೆಯನ್ನು ಅನುಮಾನಿಸಿ. ಎಂಟು ವಾರ ನೆತ್ತಿಗೆ ಎಣ್ಣೆ ಬಿಟ್ಟು, ದಿಂಬಿನ ಕವರ್ ವಾರಕ್ಕೆರಡು ಸಲ ಬದಲಿಸಿ ನೋಡಿ.

ತಲೆಗೆ ಬಣ್ಣ ಹಚ್ಚಿದ ಒಂದೆರಡು ದಿನಕ್ಕೆ ಕಿವಿಯ ಅಂಚು, ಕತ್ತು, ರೆಪ್ಪೆಗಳಲ್ಲಿ ತುರಿಕೆ, ಊತ ಬಂದರೆ ಅದು ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ. ಕೆಲವರಲ್ಲಿ ಊತ ಬಾರದೆ ಹಣೆ, ಕೆನ್ನೆಯ ಪಕ್ಕ ಬೂದುಗಪ್ಪಾಗುತ್ತ ಹೋಗುತ್ತದೆ, ಬಂಗು ಎಂದು ತಪ್ಪು ತಿಳಿಯುತ್ತಾರೆ. ಅಪ್ಪಟ ಮದರಂಗಿಯ ಬಣ್ಣ ಕಿತ್ತಳೆ-ಕೆಂಪು, ಅದು ಹತ್ತಲು ಗಂಟೆಗಳು ಬೇಕು. "ಮೆಹಂದಿ" ಎಂದು ಬರೆದಿದ್ದೂ ಅರ್ಧ ಗಂಟೆಯಲ್ಲಿ ಕಡುಗಪ್ಪಾದರೆ ಅದರಲ್ಲಿ ರಾಸಾಯನಿಕವಿದೆ. ಹೊಸ ಬಣ್ಣವನ್ನು ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು ನೋಡಿ. ಒಮ್ಮೆ ಅಲರ್ಜಿ ಬಂದವರು ಪಿಪಿಡಿ ಇರುವ ಬಣ್ಣವನ್ನು ಮತ್ತೆ ಯಾವತ್ತೂ ಮುಟ್ಟಬಾರದು, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಬಹುದು.

ಈ ತುರಿಕೆಗೆ, ಕಲೆಗೆ, ಮೊಡವೆಗೆ ಔಷಧದಂಗಡಿಯವರು ಕೊಡುವ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೂರು ದಿನದಲ್ಲಿ ಮುಖ ಬೆಳ್ಳಗೆ ನುಣ್ಣಗಾಗುತ್ತದೆ, ಅದೇ ಬಲೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತವೆ, ಮೊಡವೆ ಮತ್ತು ಮುಖದ ಕೂದಲು ಹೆಚ್ಚುತ್ತವೆ, ಬಿಟ್ಟರೆ ಉರಿದು ಕೆಂಪಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಂತು ರೋಗ ಹರಡುತ್ತದೆ. ಈಗಾಗಲೇ ಬಹುಕಾಲ ಬಳಸಿದವರು ಒಮ್ಮೆಲೇ ನಿಲ್ಲಿಸಿ ಒದ್ದಾಡುವ ಬದಲು ಟ್ಯೂಬನ್ನೇ ಹಿಡಿದುಕೊಂಡು ಚರ್ಮವೈದ್ಯರ ಬಳಿ ಹೋಗಿ, ಬಿಡಿಸುವ ಕ್ರಮ ಅವರಿಗೆ ಗೊತ್ತಿದೆ.

ಬದಲಾಯಿಸಿದ್ದು ಕೆಲಸ ಮಾಡಿತೋ ಇಲ್ಲವೋ

ಒಂದು ಸಲಕ್ಕೆ ಒಂದೇ ಬದಲಾವಣೆ. ಎಳೆಯ ದೋಷಕ್ಕೆ ಮಾಡಿದ ಉಪಾಯ ನಾಲ್ಕು ವಾರದಲ್ಲಿ ಉತ್ತರ ಕೊಡುತ್ತದೆ, ಹೊಟ್ಟಿನದೂ ಅಷ್ಟೇ. ಬುಡದ್ದಕ್ಕೆ ಮೂರು ತಿಂಗಳಿಗೆ ಮೊದಲು, ಮಿನಾಕ್ಸಿಡಿಲ್ ಆದರೆ ನಾಲ್ಕರಿಂದ ಆರು ತಿಂಗಳಿಗೆ ಮೊದಲು ತೀರ್ಪು ಬೇಡ. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಅದೇ ಬೈತಲೆಯ ಫೋಟೊ. ವೈದ್ಯರ ಬಳಿ ಹೋಗುವ ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬಣ್ಣ ಹಾಕಬೇಡಿ, ಅವರು ನೋಡಬೇಕಾದದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಜೊತೆಗೆ ಒಯ್ಯಬೇಕಾದದ್ದು ಆ ಫೋಟೊಗಳು, ಕಳೆದ ಆರು ತಿಂಗಳ ಜ್ವರ-ಮಾತ್ರೆ-ಪಥ್ಯದ ತಾರೀಖುಗಳು, ಹಚ್ಚುತ್ತಿರುವ ಎಲ್ಲ ಸೀಸೆ-ಟ್ಯೂಬುಗಳು, ಮತ್ತು ಆ ದಿನ ಬೆಳಗ್ಗೆ ಬಾಚಿದಾಗ ಬಂದ ಕೂದಲನ್ನು ಮಡಿಸಿಟ್ಟ ಒಂದು ಹಾಳೆ.